ಕನಾಯಿಮ್ ಆರಿಸಿದ ತಂತಿ

ಜಿಪಾರ್ ಇನ್ನೊಂದು ಬೊಗಸೆ ಬೂದಿಯನ್ನು ಜರಡಿಗೆ ಹಾಕಿದಳು. ಸುಟ್ಟ ಕಾರು ನಾರಿನ್ ಪೊಲೀಸ್ ಠಾಣೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಅದರೊಳಗೆ ಸಿಕ್ಕ ಹೆಂಗಸಿನ ದೇಹವನ್ನು ಬೆಳಿಗ್ಗೆಯೇ ಆಸ್ಪತ್ರೆಗೆ ಸಾಗಿಸಿದ್ದರು. ಚಳಿಗೆ ಬೆರಳು ಮರಗಟ್ಟಿದ್ದರೂ ಜಿಪಾರ್ ಕೈಗವಸು ಹಾಕಿರಲಿಲ್ಲ. ತನಿಖಾಧಿಕಾರಿಯಾದಾಗಿನಿಂದ ಅವಳಿಗೆ ಬೂದಿಯನ್ನು ಬರಿಗೈಯಲ್ಲೇ ತಡವಿ ಅಭ್ಯಾಸ.

ಗಾಜು. ಜಿಪ್ಪಿನ ಹಲ್ಲು. ಸ್ಪೀಕರಿನ ಅಯಸ್ಕಾಂತ. ತಾಮ್ರದ ಎಳೆಗಳು.

"ಅಕ್ಕ, ನಿಮ್ಮ ಮಣಿಕಟ್ಟು ನೀಲಿಗಟ್ಟಿದೆಯಲ್ಲ?" ಕಾನ್‌ಸ್ಟೇಬಲ್ ಬೊಲೊತ್ ಕೇಳಿದ.

"ಬಾಗಿಲು ತಗುಲ್ತು. ಲೈಟು ಈ ಕಡೆ ಹಿಡಿ."

"ಹುಡುಕೋಕೆ ಏನಿದೆ? ಗಂಡ ತಾಲಾಯ್ ಹೇಳಿದ್ನಲ್ಲ. ಕನಾಯಿಮ್ ಕಾರಲ್ಲಿ ಕೂತು ಹಾಡು ಕೇಳ್ತಿದ್ಲು, ಸ್ಪೀಕರ್ ತಂತಿ ಹೊತ್ಕೊಳ್ತು. ತಂತಿ ಹಾಕಿದ ಮೆಲಿಸ್ ಲಾಕಪ್ಪಲ್ಲಿದ್ದಾನೆ. ನೀವು ಸಹಿ ಮಾಡಿದ್ರೆ ಅವನು ಜೈಲಿಗೆ, ನಾವು ಮನೆಗೆ."

* * *

ಮೆಲಿಸ್ ಲಾಕಪ್ಪಿನ ಬೆಂಚಿನ ಮೇಲೆ ಮುದುಡಿ ಕೂತಿದ್ದ.

"ಅಗ್ಗದ ತಂತಿ ಹಾಕ್ದೆಯಾ?" ಜಿಪಾರ್ ಕೇಳಿದಳು.

"ಹಾಕ್ತೀನಿ ಅಂದ್ರೂ ಆಯಮ್ಮ ಬಿಡ್ಬೇಕಲ್ಲ ಅಕ್ಕ! ತುದಿನ ಚಾಕುವಲ್ಲಿ ಕೆರೆದ್ಲು. ಒಳಗೆ ಬೆಳ್ಳಗೆ ಕಾಣ್ತು. 'ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದು ಯಾರಿಗೆ ಟೋಪಿ ಹಾಕ್ತೀಯ?' ಅಂದ್ಲು. ಒಳಗೂ ಕೆಂಪಗಿರೋ ದಪ್ಪ ತಂತಿನೇ ಆರಿಸಿದ್ಲು. ತಂತಿ ತೂರಿಸೋ ತಗಡಿನ ತೂತಿಗೆ ರಬ್ಬರ್ ಹಾಕಿಸಿದ್ಲು, ಬ್ಯಾಟರಿ ಹತ್ರ ಫ್ಯೂಸ್ ಹಾಕಿಸಿದ್ಲು. ಕಾರಿಗೆಲ್ಲಿ ಬೆಂಕಿ ಬಿದ್ದೀತೋ ಅಂತ ಅಷ್ಟು ಭಯ."

"ಅವಳಿಗೆ ಹಾಡಿನ ಹುಚ್ಚಾ?"

"ಒಬ್ಳೇ ಕೂರೋಕೆ ಇರೋದು ಅದೊಂದೇ ಜಾಗ ಅಂದಿದ್ಲು." ಮೆಲಿಸ್ ಜಿಪಾರಳ ಕೈ ನೋಡಿದ. "ಅವಳ ಕೈಯೂ ಹಿಂಗೇ ನೀಲಿಯಾಗಿತ್ತು. ಕೇಳಿದ್ರೆ, ಬಾಗಿಲು ತಗುಲ್ತು ಅಂದ್ಲು."

ಜಿಪಾರ್ ಕೋಟಿನ ತೋಳನ್ನು ಕೆಳಗೆಳೆದುಕೊಂಡಳು.

ಶೆಡ್ಡಿಗೆ ಮರಳಿ ಒಂದು ಎಳೆಯನ್ನು ಕೆರೆದಳು. ಒಳಗೂ ಕೆಂಪು.

"ಅಸಲಿ ತಂತಿನೂ ಸಿಪ್ಪೆ ಹರಿದ್ರೆ ಕಿಡಿ ಕಾರತ್ತೆ ಅಕ್ಕ," ಬೊಲೊತ್ ಅಂದ.

ಅದೂ ನಿಜವೇ. ಜಿಪಾರ್ ಜರಡಿಯನ್ನು ಮತ್ತೆ ನೋಡಿದಳು. ಎಲ್ಲ ಇತ್ತು. ಸೀಸ ಮಾತ್ರ ಒಂದು ಚೂರೂ ಇರಲಿಲ್ಲ.

* * *

ತಾಲಾಯ್ ತನ್ನ ಮನೆಯಲ್ಲಿ ಜಿಪಾರಳನ್ನು ಒಲೆಯ ಹತ್ತಿರ ಕೂರಿಸಿ ಚಹಾ ಬಗ್ಗಿಸಿದ.

"ರಾತ್ರಿ ಹಾಡು ಕೇಳಿಸ್ತಿತ್ತಾ?"

"ಓಣಿಗೆಲ್ಲ ಕೇಳೋ ಹಾಗೆ ಹಾಕಿದ್ಲು. ಕೇಳ್ತಾ ಕೇಳ್ತಾನೇ ನನಗೆ ನಿದ್ದೆ ಬಂತು."

"ಕಾರಿಗೆ ಎಷ್ಟು ಬ್ಯಾಟರಿ ಇಟ್ಟಿದ್ದೀಯ?"

"ಒಂದೇ. ಎರಡು ಇಡೋಕೆ ನಾನೇನು ಮಂತ್ರಿನಾ?"

ಒಲೆಯ ಪಕ್ಕದಲ್ಲಿ ರಜಾಯಿ ಮುಚ್ಚಿದ ಏನೋ ಒಂದು ಜಿಪಾರಳ ಕಾಲಿಗೆ ತಗುಲಿತ್ತು. ಅವಳು ರಜಾಯಿ ಎತ್ತಿದಳು. ಕಾರಿನ ಬ್ಯಾಟರಿ.

"ಹಾಗಾದ್ರೆ ಹಾಡು ಹೇಗೆ ಬಂತು ತಾಲಾಯ್?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಬೊಲೊತ್ ನಿಂತಿದ್ದ.

"ಬ್ಯಾಟರಿ ಸುಟ್ಟಿದ್ರೆ ಅದರೊಳಗಿನ ಸೀಸ ಕರಗಿ ಬೂದಿಯಲ್ಲಿ ಸಿಗ್ಬೇಕಿತ್ತು," ಜಿಪಾರ್ ಅಂದಳು. "ಒಂದು ಚೂರೂ ಸಿಗ್ಲಿಲ್ಲ. ಈ ಚಳಿಗೆ ಕೆಟ್ಟುಹೋಗ್ಬಾರ್ದು ಅಂತ ಊರಿನವರೆಲ್ಲ ಮಾಡೋ ಹಾಗೆ ನೀನೂ ಸಂಜೆ ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟೆ. ದಿನಾ ಮಾಡೋ ಕೆಲಸ, ನೆನಪೇ ಉಳಿಯಲ್ಲ. ಬ್ಯಾಟರಿ ಇಲ್ಲದ ಕಾರಲ್ಲಿ ಹಾಡೂ ಬರಲ್ಲ, ತಂತಿಲಿ ಕಿಡಿಯೂ ಹುಟ್ಟಲ್ಲ. ಆ ಬೆಂಕಿ ಇಟ್ಟಿದ್ದು ನೀನು."

ತಾಲಾಯ್ ಚಹಾದ ಬಟ್ಟಲು ಕೆಳಗಿಟ್ಟ. "ತವರಿಗೆ ಹೋಗ್ತೀನಿ ಅಂದ್ಲು," ಅಂದ. "ಒಂದೇ ಏಟು ಹೊಡೆದೆ. ಏಳ್ಲೇ ಇಲ್ಲ. ಆಮೇಲೆ... ಪೆಟ್ರೋಲ್ ಇತ್ತು."

"ಬ್ಯಾಟರಿಗೆ ರಜಾಯಿ ಹೊದಿಸಿದ್ದೀಯಲ್ಲೋ," ಎನ್ನುತ್ತಾ ಬೊಲೊತ್ ಕೈಕೋಳ ಹೊರತೆಗೆದ.

* * *

ಕತ್ತಲಾಗುವ ಮೊದಲೇ ಮೆಲಿಸ್‌ನನ್ನು ಬಿಟ್ಟರು. "ಅಕ್ಕ, ನಿಮ್ಮ ಕಾರಿಗೂ ಸ್ಪೀಕರ್ ಹಾಕಿಕೊಡ್ತೀನಿ. ತಂತಿ ನೀವೇ ಕೆರೆದು ನೋಡಿ," ಅಂದು ಅತ್ತ.

ಜಿಪಾರಳ ಫೋನು ಹೊಡೆದುಕೊಂಡಿತು. ಅವಳ ಗಂಡ.

"ಇನ್ನೂ ಎಲ್ಲಿ ಸಾಯ್ತಿದ್ದೀಯ? ಬಾ ಮನೆಗೆ, ಇದೆ ನಿನಗೆ."

"ಕೆಲಸ ಇದೆ," ಎಂದು ಫೋನು ಆರಿಸಿದಳು.

ಅಂಗಳಕ್ಕೆ ಹೋಗಿ ತನ್ನ ಕಾರಿನ ಬಾನೆಟ್ ಎತ್ತಿ ಬ್ಯಾಟರಿ ಬಿಚ್ಚಿದಳು. ಎದೆಗವಚಿಕೊಂಡು ತಂದು ಠಾಣೆಯ ಒಲೆಯ ಪಕ್ಕದಲ್ಲಿ ಇಟ್ಟಳು.

"ಇಲ್ಲಿ ಯಾಕಕ್ಕ? ಮನೆಗೆ ಹೋಗಲ್ವಾ?"

"ಚಳಿ ಜಾಸ್ತಿ ಇದೆ ಬೊಲೊತ್."

ಅವನು ತಲೆಯಾಡಿಸಿ ಹೊರಟುಹೋದ. ಜಿಪಾರ್ ಬೆಂಚನ್ನು ಒಲೆಯ ಹತ್ತಿರ ಎಳೆದುಕೊಂಡಳು. ಮನೆಯ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ, ಮೇಜಿನ ಡ್ರಾಯರಿನ ತಳಕ್ಕೆ ಹಾಕಿ, ಮುಚ್ಚಿದಳು.