‘ಬೇರು’ ಬ್ಯಾಂಡ್ ಬಿಟ್ಟವಳು

“ನಿಲ್ಲಿಸಿ! ಸಾಕು, ನಿಲ್ಲಿಸಿ ಅದನ್ನು!”

ಸಭಾಂಗಣ ಒಮ್ಮೆಲೇ ಸ್ತಬ್ಧವಾಯಿತು. ಶುಕ್ರವಾರದ ಬೆಳಗ್ಗೆ ಬಹ್ರೇನಿನ ಮನಾಮಾದಲ್ಲಿ ದೀಪಾವಳಿ ಕಾರ್ಯಕ್ರಮದ ತಾಲೀಮು ನಡೆಯುತ್ತಿತ್ತು. ಕೂಗಿದವಳು ತೃಪ್ತಿ. ಈಸಾ ಟೌನಿನ ಭಾರತೀಯ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಮಕ್ಕಳ ಸಮೂಹಗಾನದ ಸರದಿಗೆ ಕಾಯುತ್ತಿದ್ದವಳು ತಡೆಯಲಾರದೆ ವೇದಿಕೆಯ ಹತ್ತಿರಕ್ಕೇ ಬಂದು ನಿಂತಿದ್ದಳು.

ವೇದಿಕೆಯ ಮೇಲಿದ್ದವನು ಕೈಯಲ್ಲಿದ್ದ ವಾದ್ಯವನ್ನು ನಿಧಾನವಾಗಿ ಕೆಳಗಿಳಿಸಿದ. ತಮಟೆಯ ಮೈಗೆ ಗಿಟಾರಿನ ಕತ್ತು ಜೋಡಿಸಿದಂಥ ವಾದ್ಯ. ಅಮೆರಿಕದ ಬ್ಯಾಂಜೋ.

“ಎಂತ ಆಯ್ತು ಮೇಡಂ?”

“ಅದು ನಾಟಿ ಹಾಡು. ಗದ್ದೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಡುವಾಗ ನೋವು ಮರೀಲಿಕ್ಕೆ ನನ್ನ ಅಜ್ಜಿ ಹಾಡ್ತಿದ್ದದ್ದು. ನೀವು ಅದನ್ನು ಕುದುರೆ ಓಡಿಸಿದ ಹಾಗೆ ಬಾರಿಸ್ತಾ ಇದ್ದೀರಿ!”

ಅವನ ಮುಖ ಕೆಂಪಾಯಿತು.

“ನಿಮ್ಮ ಅಜ್ಜಿ ಅಳ್ತಾ ಹಾಡಿರಬಹುದು. ನನ್ನ ಅಮ್ಮ ಅದೇ ಹಾಡನ್ನು ನಗ್ತಾ ಹಾಡ್ತಿದ್ರು. ಅವರ ಸೊಂಟವೂ ನೋಯ್ತಿತ್ತು.”

ತೃಪ್ತಿ ವೇದಿಕೆಯ ಅಂಚಿಗೆ ಕೈಯೂರಿದಳು.

“ಅಷ್ಟು ಗೊತ್ತಿದ್ರೆ ಮೇಲೆ ಬಂದು ಹಾಡಿ ಮಾರಾಯ್ರೆ,” ಎಂದ ಅವನು.

ಸಿಟ್ಟಿನಲ್ಲೇ ಹತ್ತಿದಳು. ಸಿಟ್ಟಿನಲ್ಲೇ ಹಾಡಿದಳು. ಎರಡನೆಯ ಸಾಲಿಗೆ ಬ್ಯಾಂಜೋ ಮೆಲ್ಲಗೆ ಅವಳ ಹಿಂದೆ ಬಂತು. ಓಡಲಿಲ್ಲ... ಅವಳ ಉಸಿರನ್ನು ಕಾದು ಕಾದು ನಡೆಯಿತು. ನೋವೂ ನಗುವೂ ಒಂದೇ ಹಾಡಿನಲ್ಲಿ ಹಿಡಿಸುತ್ತವೆ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು.

ಅವನ ಹೆಸರು ಭವಿತ್. ಉಡುಪಿಯ ಕಡೆಯವನು. ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಹಡಗಿನ ಶೀತಲ ಕಂಟೇನರುಗಳನ್ನು ರಿಪೇರಿ ಮಾಡುವ ಟೆಕ್ನಿಷಿಯನ್. ಊರಿಗೆ ವಾಪಸಾದ ಅಮೆರಿಕನ್ ಇಂಜಿನಿಯರೊಬ್ಬ ಬಿಟ್ಟುಹೋದ ಬ್ಯಾಂಜೋದಲ್ಲಿ ಅಲ್ಲಿನ ಹಳ್ಳಿಗಾಡಿನ ಸಂಗೀತ ಕಲಿತು, ಅದರೊಳಗೆ ತುಳುನಾಡಿನ ಹಾಡುಗಳನ್ನು ಇಳಿಸುತ್ತಿದ್ದ. ಜೊತೆಗೆ ಅಸ್ಕರಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಯುಸ್ಟೇಸ್ ಅಂಕಲ್. ಮಂಗಳೂರಿನ ಚರ್ಚಿನಲ್ಲಿ ಕಲಿತ ಪಿಟೀಲು ಅವರದು. ಡ್ರಮ್ಮಿಗೆ ಮೈಸೂರಿನ ಅಭಿನಂದನ್, ಬ್ಯಾಂಕ್ ಉದ್ಯೋಗಿ.

ಬ್ಯಾಂಡಿನ ಹೆಸರು ‘ಬೇರು’. ಆ ವರ್ಷ, ಎರಡು ಸಾವಿರದ ಆರರಲ್ಲಿ, ತೃಪ್ತಿ ಅದರ ದನಿಯಾದಳು.

ಅವರಿಗೆ ಸಿ.ಡಿ. ಮಾಡಿಕೊಡುವ ಕಂಪನಿ ಇರಲಿಲ್ಲ, ಪ್ರಾಯೋಜಕರಿರಲಿಲ್ಲ. ಕಾರ್ಯಕ್ರಮ ನಡೆಸುವ ಸಂಘದವರು, “ನಾಲ್ಕು ಸಿನಿಮಾ ಹಾಡು ಹಾಕಿ, ಸ್ಟೇಜ್ ಕೊಡ್ತೇವೆ,” ಎನ್ನುತ್ತಿದ್ದರು. ಭವಿತ್ ಒಪ್ಪುತ್ತಿರಲಿಲ್ಲ. ಹಾಗಾಗಿ ಕೆಲಸಗಾರರ ಕ್ಯಾಂಪುಗಳ ಅಂಗಳದಲ್ಲಿ ಬಾರಿಸಿದರು. ಒಮ್ಮೆ ಅಸ್ಕರಿನಲ್ಲಿ, ಬಟ್ಟೆ ಒಣಹಾಕಿದ ಹಗ್ಗಗಳ ನಡುವೆ ನಿಂತು ತೃಪ್ತಿ ನಾಟಿ ಹಾಡು ಹಾಡುವಾಗ, ಒಂದಕ್ಷರ ಅರ್ಥವಾಗದ ಬಿಹಾರಿ ಮುದುಕನೊಬ್ಬ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಿದ್ದ.

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದವನು ಭವಿತ್. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

‘ನೋಡ್ಬೇಡ ಹಾಗೆ... ನನಗೆ ಉಸಿರು ಕಟ್ತದೆ,’ ಎಂದುಕೊಂಡಳು. ಆದರೂ ಅವನು ಕಣ್ಣು ತಿರುಗಿಸಿದಾಗ ಬೇಸರವಾಯಿತು.

ತಮ್ಮದೇ ಹಾಡುಗಳ ಸಿ.ಡಿ. ಮಾಡಿದ್ದು ಅಭಿನಂದನನ ಫ್ಲ್ಯಾಟಿನಲ್ಲಿ. ಗೋಡೆಗೆಲ್ಲ ಕಂಬಳಿ ತೂಗುಹಾಕಿ, ಸದ್ದು ಬಾರದಿರಲೆಂದು ಎ.ಸಿ. ಆರಿಸಿ, ಜುಲೈ ಸೆಕೆಯಲ್ಲಿ ಬೆವರಿಳಿಸುತ್ತ ಹಾಡಿದರು. ಒಂದು ಹಾಡು ಮುಗಿದಾಗ ಭವಿತ್ ತನ್ನ ಟವೆಲನ್ನು ಅವಳತ್ತ ಚಾಚಿ, ಇದ್ದಕ್ಕಿದ್ದಂತೆ ಕೇಳಿದ.

“ತೃಪ್ತಿ... ನಾವು ಮದುವೆ ಆಗುವನಾ?”

“ಇಷ್ಟು ಬೆವರಿನಲ್ಲಿ ಕೇಳುವುದಾ ಅದನ್ನು?”

“ತಣ್ಣಗೆ ಇರುವಾಗ ಧೈರ್ಯ ಬರುವುದಿಲ್ಲ.”

ಅವಳು ಟವೆಲಿನಲ್ಲಿ ಮುಖ ಒರೆಸಿಕೊಂಡಳು. ನಗು ಅಡಗಿಸಲು ಬೇರೆ ದಾರಿ ಇರಲಿಲ್ಲ.

“ಆಗುವ. ಮೊದ್ಲು ಸಿ.ಡಿ. ಆಗ್ಲಿ.”

ಸಿ.ಡಿ. ಆಯಿತು. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾವೇ ಮಾರಿದರು. ಮುಂದಿನ ರಜೆಯಲ್ಲಿ ಊರಿನಲ್ಲಿ ಮದುವೆ ಎಂದು ಎರಡೂ ಮನೆಯವರು ಮಾತಾಡಿಕೊಂಡರು. ತೃಪ್ತಿಗೆ ಬದುಕಿನಲ್ಲಿ ಇನ್ನೇನೂ ಬೇಕೆನಿಸದ ವರ್ಷ ಅದು.

ಅದೇ ವರ್ಷ ಅವಳಿಗೆ ಬರಬೇಕಾದದ್ದೊಂದು ಬಂದು, ಬಾಗಿಲಿನಿಂದಲೇ ಹೊರಟುಹೋಗಿತ್ತು... ಅವಳಿಗೆ ಗೊತ್ತೇ ಇರಲಿಲ್ಲ!

ಗೊತ್ತಾದದ್ದು ಶಾಲೆಯಲ್ಲಿ, ಮಕ್ಕಳ ಗಾಯನ ಸ್ಪರ್ಧೆಯ ದಿನ. ತೀರ್ಪುಗಾರರಾಗಿ ದುಬೈಯಿಂದ ಹೆಲೆನ್ ಎಂಬುವರು ಬಂದಿದ್ದರು. ಜಾನಪದ ಸಂಗೀತದ ಸಣ್ಣ ಕಂಪನಿಯೊಂದನ್ನು ನಡೆಸುತ್ತಿದ್ದವರು. ಮುಂಬೈಯಲ್ಲಿ ಬೆಳೆದ ಮಂಗಳೂರಿನ ಹೆಂಗಸು. ತೃಪ್ತಿಯನ್ನು ಕಂಡೊಡನೆ ಕೈ ಹಿಡಿದುಕೊಂಡರು.

“ನೀವು ‘ಬೇರು’ ಬ್ಯಾಂಡಿನವರಲ್ವಾ? ನೀವು ಬರುವುದಿಲ್ಲ ಅಂದಾಗ ನನಗೆ ತುಂಬಾ ಬೇಜಾರಾಯ್ತು.”

“ಬರುವುದಿಲ್ಲ... ಎಲ್ಲಿಗೆ?”

“ಹೋದ ವರ್ಷ! ನಿಮ್ಮ ಶೋ ನೋಡಿ ಬ್ಯಾಂಡಿನ ನಂಬರಿಗೆ ಫೋನ್ ಮಾಡಿದ್ದೆ. ನಿಮ್ಮದೇ ಆಲ್ಬಂ, ಆಮೇಲೆ ಅಮೆರಿಕದ ಜಾನಪದ ಉತ್ಸವದಲ್ಲಿ ಹಾಡುವ ಅವಕಾಶ. ಉತ್ಸವದವರು ಒಬ್ಬ ಹಾಡುಗಾರ್ತಿಯನ್ನು ಮಾತ್ರ ಕೇಳಿದ್ರು. ನಿಮಗೆ ಒಬ್ಬರೇ ಹಾಡ್ಲಿಕ್ಕೆ ಇಷ್ಟ ಇಲ್ಲ ಅಂತ ಭವಿತ್ ಹೇಳಿದ್ರಲ್ಲ?”

ವೇದಿಕೆಯ ಮೇಲೆ ಯಾವುದೋ ಮಗು ಹಾಡುತ್ತಿತ್ತು. ಒಂದು ಸ್ವರವೂ ತೃಪ್ತಿಯ ಕಿವಿಗೆ ಬೀಳಲಿಲ್ಲ.

“ಈಗ... ಈಗ ಆಗ್ತದಾ ಮೇಡಂ?”

ಹೆಲೆನ್ ತಲೆ ತಗ್ಗಿಸಿದರು. “ಬೇರೆ ಹುಡುಗಿ ಹೋಗಿ ಬಂದಾಯ್ತು. ಅವರು ಪುನಃ ಕೇಳ್ಲಿಲ್ಲ.”

ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಅವಳು ನೇರ ಮೀನಾ ಸಲ್ಮಾನಿಗೆ ಹೋದಳು. ಭವಿತ್ ಬಿಸಿಲಿನಲ್ಲಿ ಕಂಟೇನರೊಂದರ ಮುಂದೆ ಮೊಣಕಾಲೂರಿ ಕೆಲಸ ಮಾಡುತ್ತಿದ್ದ.

“ಹೆಲೆನ್ ಫೋನ್ ಮಾಡಿದ್ದು ಹೌದಾ?”

ಅವನ ಕೈ ನಿಂತಿತು. ಸುಳ್ಳು ಹೇಳಲಿಲ್ಲ.

“ಹೌದು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬ್ಯಾಂಡ್ ಒಡೀತಿತ್ತು, ತೃಪ್ತಿ. ಇಷ್ಟು ವರ್ಷ ಕಟ್ಟಿದ್ದು...”

“ನಾನು ಹೋಗ್ತೇನೆ ಅಂತ ನಿನಗೆ ಯಾರು ಹೇಳಿದ್ದು? ಬೇಡ ಅನ್ನುತ್ತಿದ್ದೆನೋ ಏನೋ! ಆ ‘ಬೇಡ’ವನ್ನಾದ್ರೂ ನನ್ನ ಬಾಯಲ್ಲಿ ಹೇಳ್ಲಿಕ್ಕೆ ಬಿಡ್ಬಹುದಿತ್ತಲ್ವಾ?”

ಅವನು ಸ್ಪ್ಯಾನರನ್ನು ಕೆಳಗಿಟ್ಟ.

“ನಿನಗೆ ನನ್ನ ದನಿ ಬೇಕಿತ್ತು ಭವಿತ್. ನನ್ನ ಮಾತು ಬೇಕಿರ್ಲಿಲ್ಲ.”

ತಿರುಗಿ ನಡೆದಳು. ಅವನು ಕರೆಯುತ್ತಾನೆ ಎಂದುಕೊಂಡಿದ್ದಳು... ಕರೆಯಲಿಲ್ಲ. ಗೇಟು ದಾಟಿದ ಮೇಲೆ, ಕಾರಿನ ಸ್ಟೀರಿಂಗಿಗೆ ಹಣೆಯೊತ್ತಿ ಅತ್ತಳು.

ಮದುವೆ ಮುರಿಯಿತು. ಅದಕ್ಕಿಂತ ಕಹಿಯಾದದ್ದು ಆಮೇಲೆ ಬಂತು.

“ತೃಪ್ತಿ ಯಾಕೆ ಬಿಟ್ಟಳು?” ಎಂದು ಯುಸ್ಟೇಸ್ ಅಂಕಲ್ ಕೇಳಿದಾಗ ಭವಿತ್, “ಅವಳಿಗೆ ದುಬೈಯಿಂದ ಕರೆ ಬಂದಿತ್ತು,” ಎಂದಷ್ಟೇ ಹೇಳಿದ. ಮಾತು ಸುಳ್ಳಲ್ಲ. ಆದರೆ ಅದು ಊರೆಲ್ಲ ಓಡಾಡಿ ಬರುವಷ್ಟರಲ್ಲಿ, ದುಬೈ ಆಸೆಗೆ ಬ್ಯಾಂಡನ್ನೂ ಮದುವೆಯನ್ನೂ ಬಿಟ್ಟವಳು, ಅಲ್ಲೂ ನೆಲೆಯಾಗದವಳು ಎಂದಾಗಿತ್ತು. ಅಂಗಡಿಯಲ್ಲಿ ಸಿಕ್ಕಿದ ಅಭಿನಂದನ್, “ಓಹ್, ಸ್ಟಾರ್ ಇನ್ನೂ ಬಹ್ರೇನಲ್ಲೇ ಇದ್ದಾರಾ?” ಎಂದು ನಕ್ಕು ಹೋದ.

ತೃಪ್ತಿ ಬಾಯಿ ಬಿಡಲಿಲ್ಲ. ‘ಅವನೇ ಹೇಳಲಿ. ಅವನಿಗೆ ಒಂದಿಷ್ಟಾದರೂ ನಾಚಿಕೆ ಇದ್ದರೆ ಅವನೇ ಹೇಳಲಿ...’

ಅವನು ಹೇಳಲಿಲ್ಲ. ವರ್ಷಗಳು ಹೋದವು.

‘ಬೇರು’ ಬೇರೆ ಹಾಡುಗಾರ್ತಿಯನ್ನು ತಂದಿತು. ಹೋಟೆಲಿನಲ್ಲಿ ಸಿನಿಮಾ ಹಾಡುಗಳನ್ನೂ ಬಾರಿಸಿತು. ಕೊನೆಗೊಮ್ಮೆ, ಯಾರೂ ಘೋಷಿಸದೆಯೇ, ನಿಂತುಹೋಯಿತು. ತೃಪ್ತಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹಾಡಿಸಿದಳು. ಮನೆಯವರು ಗಂಡು ನೋಡಿದಾಗಲೆಲ್ಲ ಬೇಡವೆಂದಳು. ಯಾಕೆಂದು ಕೇಳಿದರೆ ಅವಳ ಬಳಿ ಹೇಳಬಹುದಾದ ಉತ್ತರವಿರಲಿಲ್ಲ.

ಎರಡು ಸಾವಿರದ ಹದಿನೇಳರಲ್ಲಿ ಯುಸ್ಟೇಸ್ ಅಂಕಲ್ ನಿವೃತ್ತರಾದರು. ಇನ್ನು ಪೂರ್ತಿಯಾಗಿ ಊರಿಗೆ. ಅವರ ಹೆಂಡತಿ ತೆರೇಸಾ ತೃಪ್ತಿಗೆ ಫೋನ್ ಮಾಡಿದರು.

“ಬಾರಮ್ಮ. ಎಲ್ಲರೂ ಒಮ್ಮೆ ಕೂಡಿ ಬಾರಿಸ್ಬೇಕು ಅಂತ ಇವರ ಆಸೆ.”

ಶುಕ್ರವಾರ ಮಧ್ಯಾಹ್ನ, ಬಾಡಿಗೆ ಹಾಲಿನಲ್ಲಿ ಊಟದ ಏರ್ಪಾಡು. ತೃಪ್ತಿ ಒಳಗೆ ಬಂದಾಗ ಭವಿತ್ ಮೂಲೆಯಲ್ಲಿ ಬ್ಯಾಂಜೋ ಶ್ರುತಿ ಮಾಡುತ್ತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಅವಳನ್ನು ನೋಡಿದವನೇ ತಂತಿಯನ್ನು ಅತಿಯಾಗಿ ಬಿಗಿದುಬಿಟ್ಟ. ತಂತಿ ಕಿರ್ರೆಂದಿತು.

ಯುಸ್ಟೇಸ್ ಅಂಕಲ್ ಅವಳ ತಲೆಯ ಮೇಲೆ ಕೈಯಿಟ್ಟರು.

“ಬಾಯೆ, ಮಗಳೇ... ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿತ್ತು. ಮಗಳ ಹಾಗೆ ನೋಡಿಕೊಂಡಿದ್ದೆ ನೋಡು, ಅದಕ್ಕೆ. ಆದ್ರೆ ಸಿಟ್ಟನ್ನು ಊರಿಗೆ ಕೊಂಡುಹೋಗುವುದು ಬೇಡ ಅಂತ ತೆರೇಸಾ ಹೇಳಿದ್ಲು. ನಿನ್ನನ್ನು ಕ್ಷಮಿಸಿದ್ದೇನೆ ಮಗಾ.”

ಅಷ್ಟು ಪ್ರೀತಿಯಿಂದ ಹೇಳಿದ ಮಾತು... ಯಾವ ಬೈಗುಳವೂ ಅವಳನ್ನು ಹಾಗೆ ಇರಿದಿರಲಿಲ್ಲ!

“ಯಾವುದಕ್ಕೆ ಅಂಕಲ್? ನಾನು ಎಂತ ತಪ್ಪು ಮಾಡಿದ್ದು?”

“ದುಬೈಗೆ ಅಂತ...”

“ನಾನು ದುಬೈಗೆ ಹೋಗ್ಲೇ ಇಲ್ಲ ಅಂಕಲ್! ಕರೆ ಬಂದದ್ದೇ ನನಗೆ ಗೊತ್ತಿರ್ಲಿಲ್ಲ. ನನ್ನ ಪರವಾಗಿ ಬೇರೆಯವರು ಬೇಡ ಅಂದಿದ್ರು. ನೀವು ಊರಿಗೆ ಹೋಗ್ತಿದ್ದೀರಿ, ಇನ್ನು ಯಾವಾಗ ಸಿಗ್ತೀರೋ... ನಾನು ಬಿಟ್ಟು ಹೋದವಳು ಅಂತ ತಿಳ್ಕೊಂಡು ಹೋಗ್ಬೇಡಿ. ಅದೊಂದು ನನಗೆ ತಡೀಲಿಕ್ಕೆ ಆಗುವುದಿಲ್ಲ!”

ತಟ್ಟೆಗಳ ಸದ್ದು ನಿಂತಿತು. ಯುಸ್ಟೇಸ್ ಅಂಕಲ್ ನಿಧಾನವಾಗಿ ಭವಿತನ ಕಡೆ ತಿರುಗಿದರು.

“ಹೌದಾ?”

ಭವಿತ್ ಎದ್ದು ನಿಂತ.

“ಹೌದು ಅಂಕಲ್. ನಾನೇ ಬೇಡ ಅಂದದ್ದು. ಬ್ಯಾಂಡಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವಳು ದೊಡ್ಡವಳಾಗಿ ನನ್ನನ್ನು ಮರೀತಾಳೆ ಅಂತ ಹೆದರಿದ್ದೆ. ಆಮೇಲೆ ಜನ ಅವಳ ಬಗ್ಗೆ ಮಾತಾಡುವಾಗಲೂ ಸುಮ್ಮನಿದ್ದೆ. ಸುಮ್ಮನಿರುವುದು ಸುಲಭ ಇತ್ತು.”

ಅಭಿನಂದನ್ ನೆಲ ನೋಡುತ್ತಿದ್ದ. ಯುಸ್ಟೇಸ್ ಅಂಕಲ್ ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು.

“ನಿನ್ನ ಜೊತೆ ಇವತ್ತು ನಾನು ಬಾರಿಸುವುದಿಲ್ಲ ಭವಿತ್. ಆಗುವುದಿಲ್ಲ ನನಗೆ.” ತೃಪ್ತಿಯ ಎರಡೂ ಕೈ ಹಿಡಿದುಕೊಂಡರು. “ಒಮ್ಮೆ ನಿನ್ನ ಹತ್ತಿರ ಬಂದು ಕೇಳ್ಬೇಕಿತ್ತು. ಕೇಳ್ಲೇ ಇಲ್ಲ ನಾನು...”

ಆ ದಿನ ಯಾರೂ ಹಾಡಲಿಲ್ಲ. ‘ಬೇರು’ ಬ್ಯಾಂಡ್ ಮತ್ತೆಂದೂ ಕೂಡಿ ಬಾರಿಸಲಿಲ್ಲ.

ತೃಪ್ತಿ ಹೊರಗೆ ಬಂದು ಕಾರಿನ ಪಕ್ಕದ ತುಂಡು ನೆರಳಿನಲ್ಲಿ ನಿಂತಳು. ಕೀಲಿ ಕೈಯಲ್ಲೇ ಇತ್ತು. ಹೊರಡಬಹುದಿತ್ತು... ಹೊರಡಲಿಲ್ಲ. ಭವಿತ್ ಬಂದ. ಸ್ವಲ್ಪ ದೂರದಲ್ಲಿ, ಬಿಸಿಲಿನಲ್ಲೇ ನಿಂತ.

“ಈಗ ಹೇಳಿದ್ರೆ ಎಂತ ಪ್ರಯೋಜನ?” ಅವಳ ದನಿ ಒಡೆಯಿತು. “ಹಾಡುವ ವಯಸ್ಸನ್ನೆಲ್ಲ ಪ್ರಾರ್ಥನೆ ಹೇಳಿಕೊಟ್ಟು ಕಳೆದೆ. ಅದನ್ನು ಯಾರು ಕೊಡ್ತಾರೆ ನನಗೆ?”

“ಯಾರೂ ಕೊಡ್ಲಿಕ್ಕೆ ಆಗುವುದಿಲ್ಲ.”

“ನಾನು ನಿನ್ನನ್ನು ಕ್ಷಮಿಸಿಲ್ಲ.”

“ಗೊತ್ತುಂಟು.”

“ಮುಂದೆ ಕ್ಷಮಿಸ್ತೇನೆ ಅಂತಲೂ ಇಲ್ಲ.”

“ಬೇಡ.”

“ಮತ್ತೆ ನಾನು ಯಾಕೆ ಇನ್ನೂ ಇಲ್ಲಿ ನಿಂತಿದ್ದೇನೆ? ಹೇಳು!”

ಭವಿತ್ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಅವನ ಕಣ್ಣು ತುಂಬಿತ್ತು.

“ನಾನು ಹೇಳುವುದಿಲ್ಲ. ನೀನೇ ಹೇಳು. ಎಂತ ಹೇಳಿದ್ರೂ ಕೇಳ್ತೇನೆ.”

ಅವಳು ಕೀಲಿಯನ್ನು ಬ್ಯಾಗಿಗೆ ಹಾಕಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಪ್ರೀತಿ ಇನ್ನೂ ಉಂಟು. ಹಾಳಾದ್ದು... ಹೋಗುವುದೇ ಇಲ್ಲ.”

ಭವಿತ್ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಅವನು ಅತ್ತು ಮುಗಿಸುವವರೆಗೆ ಸುಮ್ಮನೆ ಕಾದಳು. ಆಮೇಲೆ ಸ್ವಲ್ಪ ಸರಿದು, ನೆರಳಿನಲ್ಲಿ ಅವನಿಗೆ ಜಾಗ ಬಿಟ್ಟಳು.

“ಊಟ ಮಾಡಿದ್ದೀಯಾ?”

“ಇಲ್ಲ.”

“ನಾನೂ ಮಾಡ್ಲಿಲ್ಲ,” ಎಂದಳು. “ಬಾ.”