ಕತ್ತು ತೋರಿಸುವ ಕನ್ನಡಿ

ಹಾರುವ ನೊಣದ ಮೀಸೆಯನ್ನು ಅದು ಹಾರುತ್ತಿರುವಾಗಲೇ ಬೋಳಿಸಬಲ್ಲ ಕೈ ಅವನದು. ಮೀಸೆ ಕಳಕೊಂಡ ನೊಣ ಮರುವಾರ ಗಡ್ಡ ಮಾಡಿಸಿಕೊಳ್ಳಲೂ ಬಂದಿತ್ತು! ಸಲೂನಿಗೆ ಕೆಲಸಕ್ಕೆ ಕಾಲಿಟ್ಟ ದಿನವೇ ಅವನು ಹೀಗೆ ಕೊಚ್ಚಿಕೊಂಡ. ಅಂದಿನಿಂದ ಅವನ ಹೆಸರೇ ನೊಣದಣ್ಣ ಎಂದಾಯಿತು.

ಮೂಲೆಯ ಮೊಳೆಯಲ್ಲಿ ಕರಿಬಟ್ಟೆ ಸುತ್ತಿದ ಕೈಗನ್ನಡಿಯೊಂದು ನೇತಾಡುತ್ತಿತ್ತು. ಕೂದಲು ಕತ್ತರಿಸಿದ ಮೇಲೆ ಗಿರಾಕಿಗೆ ಅವನ ಕತ್ತಿನ ಹಿಂಭಾಗ ತೋರಿಸುವಂಥದ್ದು.

"ಅದನ್ನ ಮುಟ್ಟಬೇಡ," ಎಂದ ಯಜಮಾನ, ದನಿ ತಗ್ಗಿಸಿ. "ನಮ್ಮ ಸೋದರಮಾವನಿಗೆ ಜೊತೆಗಾರನೇ ಮೋಸ ಮಾಡಿದ. ಸಾಯೋ ಮುಂಚೆ ಮಾವ ಅದಕ್ಕೆ ಮಾಟ ಮಾಡಿಸಿಟ್ಟ. ಸ್ನೇಹಿತನಿಗೆ ಕೈಕೊಟ್ಟೋನು ಹಿಡಿದ್ರೆ, ಯಾರ ಕತ್ತು ತೋರಿಸಿದ್ರೂ ಆ ಸ್ನೇಹಿತನ ಕತ್ತೇ ಕಾಣುತ್ತೆ. ಆಮೇಲೆ ಅವನ ಕೈ ಅವನ ಮಾತು ಕೇಳಲ್ಲ."

"ನಂಗ್ಯಾಕೆ ಭಯ? ನನ್ನಂಥ ಸ್ನೇಹಿತ ಏಳು ಲೋಕ ಜಾಲಾಡಿದ್ರೂ ಸಿಗಲ್ಲ!" ನೊಣದಣ್ಣ ಬಟ್ಟೆ ಕಿತ್ತೆಸೆದು ಕನ್ನಡಿಯನ್ನು ತನ್ನ ಕುರ್ಚಿಯೆದುರಿಗೇ ತೂಗುಹಾಕಿದ.

ಮೊದಲ ಗಿರಾಕಿ ಕೊಬ್ಬಿದ ಕತ್ತಿನ ಮೇಷ್ಟ್ರು. ಕೂದಲು ಕತ್ತರಿಸಿ ನೊಣದಣ್ಣ ಅವರ ಕತ್ತಿನ ಹಿಂದೆ ಕನ್ನಡಿ ಹಿಡಿದ. ಒಳಗೆ ಸಣಕಲು ಕತ್ತು. ಎಡಗಿವಿಯ ಕೆಳಗೆ ಸುಟ್ಟ ಕಲೆ.

ಕುಳ್ಳನ ಕತ್ತು!

ನೊಣದಣ್ಣನಿಗೆ ಕ್ಷೌರದ ಕತ್ತಿ ಹಿಡಿಯಲು ಕಲಿಸಿದ ಗೆಳೆಯ ಕುಳ್ಳ. ಈ ಕುರ್ಚಿಯೂ ಮೊನ್ನೆವರೆಗೆ ಅವನದೇ. 'ಅವನ ಕೈ ನಡುಗುತ್ತೆ, ಯಾರದಾದ್ರೂ ಗಂಟಲು ಕೊಯ್ದಾನು' ಎಂದು ಯಜಮಾನನ ಕಿವಿ ಊದಿ ನೊಣದಣ್ಣ ಇದನ್ನು ದಕ್ಕಿಸಿಕೊಂಡಿದ್ದ.

ಮೇಷ್ಟ್ರು "ಚೆನ್ನಾಗಿದೆ" ಎಂದು ಎದ್ದುಹೋದರು. ಅವರಿಗೇನೂ ಕಂಡಿರಲಿಲ್ಲ.

ಮುಸ್ಸಂಜೆಗೆ ಕುಳ್ಳನೇ ಬಂದ. "ನಾಳೆ ಬೇರೆ ಕಡೆ ಕೆಲಸ ಕೇಳೋಕೆ ಹೋಗ್ತೀನಿ. ಮುಖ ಸ್ವಲ್ಪ ಹೊಳೆಯೋ ಹಾಗೆ ಮಾಡಪ್ಪ. ನಿನ್ನ ಬಿಟ್ಟು ಯಾರಿಗೂ ಕತ್ತು ಕೊಡಲ್ಲ ನಾನು."

ನೊರೆ ಹಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಒದ್ದೆ ಕೂದಲಿನ, ಸಾಬೂನಿನ ವಾಸನೆ ಕತ್ತಲಲ್ಲಿ ದಟ್ಟವಾಯಿತು. ಕನ್ನಡಿಯೊಂದೇ ಮಂಕಾಗಿ ಬೆಳಗುತ್ತಿತ್ತು.

"ಯಾವನೋ ನನ್ನ ಮೇಲೆ ಚಾಡಿ ಹೇಳಿದಾನೆ ಕಣೋ. ಈಗಿನ ಹುಡುಗರು ಸ್ನೇಕ್ ಅಂತಾರಲ್ಲ, ಜೊತೆಗಿದ್ದೇ ಕಚ್ಚೋ ಹಾವು, ಅಂಥೋನು. ಯಾರಂತ ಗೊತ್ತಾ?" ಕುಳ್ಳ ಕೇಳಿದ.

"ಗೊತ್ತಿಲ್ಲ."

ಅವನ ಕೈಯಲ್ಲಿದ್ದ ಕತ್ತಿ ತಾನಾಗಿ ಕುಳ್ಳನ ಗಂಟಲಿಗೆ ಒತ್ತಿತು. ನೊಣದಣ್ಣ ಎಳೆದ. ಬರಲಿಲ್ಲ. ಎಡಗೈಯಿಂದ ಬಲಗೈ ಹಿಡಿದ. ಕೈ ಕಲ್ಲಾಗಿತ್ತು.

"ನಿಜವಾಗ್ಲೂ?"

"ನಿನ್ನಾಣೆ, ಗೊತ್ತಿಲ್ಲ!"

ಕತ್ತಿ ಕೂದಲೆಳೆಯಷ್ಟು ಇಳಿಯಿತು. ಬಿಳಿ ನೊರೆಯಲ್ಲೊಂದು ಕೆಂಪು ಹನಿ. ಕುಳ್ಳ ಕಣ್ಣು ಮುಚ್ಚಿಯೇ ಇದ್ದ. ಅಲುಗಲಿಲ್ಲ. ಕನ್ನಡಿಯಲ್ಲಿ ಆ ಕತ್ತು ಆಗಲೇ ಸೀಳಿ ಬಾಯಿ ತೆರೆದಿತ್ತು.

"ನಾನೇ! ನಾನೇ ಕಣೋ ಹೇಳಿದ್ದು! ನಿನ್ನ ಕೈ ಯಾವತ್ತೂ ನಡುಗಿಲ್ಲ. ಕುರ್ಚಿ ಆಸೆಗೆ ಹೇಳಿದೆ. ನೊಣದ್ದೂ ಸುಳ್ಳು. ಎಲ್ಲಾ ಸುಳ್ಳು!"

ಕತ್ತಿ ಠಣ್ಣೆಂದು ನೆಲಕ್ಕೆ ಬಿತ್ತು. ಕರೆಂಟು ಬಂತು. ಬಾಗಿಲಲ್ಲಿ ಯಜಮಾನ ನಿಂತಿದ್ದ, ಎಲ್ಲವನ್ನೂ ಕೇಳಿದ್ದ.

ಕುಳ್ಳ ನೊರೆ ಮೆತ್ತಿದ ಮುಖ ಒರೆಸಿಕೊಂಡು ಎದ್ದ. ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ ನೊಣದಣ್ಣ. ಕುಳ್ಳ ಕತ್ತಿಯನ್ನು ಎತ್ತಿ ಅವನತ್ತ ಚಾಚಿದ, ಅವನಿಂದ ಹಿಡಿಯಲಾಗಲಿಲ್ಲ.

ಕುಳ್ಳ ಮೆಲ್ಲಗೆ ಹೇಳಿದ:

"ನಿನ್ನ ಕೈ ನಡುಗ್ತಾ ಇದೆ ಕಣೋ."