ಖಾಲಿ ಬಿಟ್ಟ ಏಳು ಸಾಲು

ಗುಡೇಕೋಟೆಯ ಪಾಲಾಕ್ಷಪ್ಪ ಸಂಜೆ ಮನೆಗೆ ಬಂದಾಗ ಕುರಿರೊಪ್ಪದ ಬಾಗಿಲು ತೆರೆದಿತ್ತು. ಒಳಗಿದ್ದ ಹನ್ನೊಂದು ಕುರಿಗಳಲ್ಲಿ ಒಂದೂ ಇರಲಿಲ್ಲ. ಮನೆಮಂದಿಯೆಲ್ಲ ಕೂಡ್ಲಿಗಿಯ ಕಲ್ಯಾಣಮಂಟಪದಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥದ ಊಟ ಮಾಡುತ್ತಿದ್ದ ಹೊತ್ತಿನಲ್ಲೇ ಕಳ್ಳ ಕೈಚಳಕ ತೋರಿಸಿದ್ದ.

ನೋಡಿದವರು ಒಬ್ಬರೇ, ಅಂಗನವಾಡಿ ಟೀಚರ್ ಚಂದನಾ.

"ಬಿಳಿ ಗೂಡ್ಸ್ ಗಾಡಿ ರೀ. ಮ್ಯಾಲೆ ತಾಡಪತ್ರಿ ಹೊಚ್ಚಿದ್ರು. ಹಿಂದ 'ಮೈಲಾರ' ಅನ್ನೋದಷ್ಟ ಕಾಣ್ತಿತ್ತು."

* * *

ಮರಳು ಸಾಗಾಟ ತಡೆಯಲೆಂದು ಗುಡೇಕೋಟೆಯ ದಾರಿಯಲ್ಲಿ ತಾತ್ಕಾಲಿಕ ಚೆಕ್‌ಪೋಸ್ಟ್ ಹಾಕಿದ್ದರು. ಹಾದುಹೋದ ಪ್ರತಿ ಗಾಡಿಯ ನಂಬರು, ಮಾಲೀಕ, ಹಿಂಬದಿಯ ಬರಹ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕಿತ್ತು. ಠಾಣೆಯ ಗುರುಮೂರ್ತಿ 'ಮೈಲಾರ' ಎಂದು ಹುಡುಕಿದ. ಒಂದೇ ಗಾಡಿ ಸಿಕ್ಕಿತು. 'ಮೈಲಾರ ಕೃಪೆ', ಮಾಲೀಕ ಮೈಲಾರೇಶ್.

ಟೊಮ್ಯಾಟೊ ಸಸಿ ಇಳಿಸಲು ಕೊಟ್ಟೂರಿಗೆ ಹೋಗಿದ್ದೆ, ಅಂಗಡಿ ಮುಚ್ಚಿತ್ತು, ವಾಪಸ್ ಬಂದೆ ಎಂದ ಮೈಲಾರೇಶ್. ಹೌದೆನ್ನಲು ಯಾರೂ ಇರಲಿಲ್ಲ. ಅವನನ್ನು ಬಂಧಿಸಿ, ಮರುದಿನ ಸಂಜೆ ನಾಲ್ಕು ಗಂಟೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸುವುದೆಂದಾಯಿತು. ತಾಯಿ ಜೋಗಮ್ಮ ಮರುದಿನ ಬೆಳಿಗ್ಗೆಯಿಂದ ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ.

ಕುಡಿಯುವ ನೀರಿನ ಕ್ಯಾನ್ ಇಳಿಸಲು ಬಂದ ಕಾಂತೇಶ್ ಕೇಳದಿದ್ದರೂ ಹೇಳಿದ. "ಆ ಮೈಲಾರೇಶ ಮೊದ್ಲಿಂದಾನೂ ಹಂಗ ರೀ ಮೇಡಂ. ನಿನ್ನೆ ಮಂಟಪಕ್ಕ ನೀರು ಕೊಡಾಕ ಹೋದಾಗ ಪಾಲಾಕ್ಷಪ್ಪನ್ನ ನೋಡಿದ್ದೆ. ಪಾಪ, ಎಷ್ಟು ನಗ್ತಿದ್ದ."

ಎಸ್‌ಐ ಅರ್ಚನಾ ತಲೆಯಾಡಿಸಿದಳು. ಅವಳ ಮನಸ್ಸು ಬೇರೆಲ್ಲೋ ಇತ್ತು.

"ಗುರುಮೂರ್ತಿ, ಈ ಕಡೆ ಎಷ್ಟೋ ಗಾಡಿಗಳ ಮೇಲೆ ಮೈಲಾರಲಿಂಗನ ಹೆಸರಿರುತ್ತೆ. ನಿಮಗೆ ಒಂದೇ ಹೆಂಗೆ ಸಿಕ್ತು?"

"ಕಂಪ್ಯೂಟರ್ ಸುಳ್ಳು ಹೇಳಲ್ರಿ ಮೇಡಂ."

"ಮೈಲಾರ ಇಲ್ಲದವು ಎಷ್ಟು, ಹುಡುಕಿ."

"ಐವತ್ತು."

"ಒಂದು, ಐವತ್ತು. ಐವತ್ತೊಂದು. ಆ ಮಧ್ಯಾಹ್ನ ದಾಟಿದ ಗಾಡಿ?"

ಗುರುಮೂರ್ತಿ ಪರದೆಯ ಮೇಲ್ತುದಿಯ ಒಟ್ಟು ಅಂಕಿ ನೋಡಿದ. "ಐವತ್ತೆಂಟು ರೀ."

ಏಳು ಗಾಡಿಗಳು 'ಇದೆ'ಯಲ್ಲೂ ಇಲ್ಲ, 'ಇಲ್ಲ'ದಲ್ಲೂ ಇಲ್ಲ.

"ಏನು ಮಾಡಿದ್ರಿ?"

"ಬರಹದ ಕಾಲಂ ಕೆಲವು ಕಡೆ ಖಾಲಿ ಇತ್ರಿ. ಖಾಲಿ ಸಿಕ್ಕ ಕೂಡ್ಲೇ ಹುಡುಕಾಟ ನಿಂತ್ ಬಿಡ್ತಿತ್ತು. ಅದಕ್ಕ ಖಾಲಿ ಇದ್ದದ್ದನ್ನ ಬಿಟ್ಟು ಹುಡುಕು ಅಂತ ಕೊಟ್ಟೆ."

"ಖಾಲಿ ಅಂದ್ರೆ ಬರಹ ಇಲ್ಲ ಅಂತಲ್ಲ. ಯಾರೂ ಬರೆದಿಲ್ಲ ಅಂತ, ಅಷ್ಟೆ. ಆ ಏಳನ್ನು ಬೇರೆ ಪಟ್ಟಿ ಮಾಡಿ ಕೊಡಿ."

* * *

ಚೆಕ್‌ಪೋಸ್ಟಿನಲ್ಲಿ ದಾಖಲು ಮಾಡುವ ಅರುಣಕುಮಾರ್ ಪಟ್ಟಿ ನೋಡಿ ನಕ್ಕ.

"ಇವೆಲ್ಲಾ ನಮ್ಮ ಗುರ್ತಿನ ಗಾಡಿ ರೀ. ನಾಕು ಹಾಲಿನವು, ಎರಡು ಶಾಲೀವು, ಒಂದು ನೀರಿಂದು. ದಿನಾ ಬರ್ತಾವು. ಗೊತ್ತಿದ್ದದ್ದನ್ನ ಏನು ಬರೀಬೇಕ್ರಿ?"

ಅಪರಿಚಿತರ ಗಾಡಿಯ ಒಂದಕ್ಷರ ಬಿಡದವನು ಪರಿಚಿತರದ್ದನ್ನು ಪೂರಾ ಬಿಟ್ಟಿದ್ದ. ಅರ್ಚನಾಗೆ ಸಿಟ್ಟು ಬಂತು, ನುಂಗಿಕೊಂಡಳು.

"ಏಳರಲ್ಲಿ ತಾಡಪತ್ರಿ ಹೊದಿಸಿದ್ದು ಯಾವುದು?"

"ಕಾಂತೇಶಂದು. ಖಾಲಿ ಕ್ಯಾನ್ ವಾಪಸ್ ತರ್ತಿದ್ದ."

"ಹಿಂದೆ ಏನು ಬರೆದಿದೆ?"

ಅರುಣಕುಮಾರನ ನಗು ನಿಂತಿತು. "ಮೈಲಾರಲಿಂಗೇಶ್ವರ ಪ್ರಸನ್ನ."

* * *

ಮೂರು ಗಂಟೆಗೆ ಅರ್ಚನಾ ಇನ್ನೊಂದು ಕ್ಯಾನ್ ತರಿಸಿದಳು. ಕಾಂತೇಶನ ಗಾಡಿ ಹೊರಗೆ ನಿಂತಿತ್ತು, ಅದರ ಮೇಲೆ ಖಾಲಿ ಕ್ಯಾನುಗಳು ಹೊದಿಕೆಯಿಲ್ಲದೆ ಬಿಸಿಲಿಗೆ ಬಿದ್ದಿದ್ದವು.

"ನಿನ್ನೆ ಇವಕ್ಕೆ ತಾಡಪತ್ರಿ ಯಾಕೆ ಹೊದಿಸಿದ್ದೆ ಕಾಂತೇಶ್?"

"ಧೂಳು ಕೂಡ್ತೈತಿ ಅಂತ ರೀ."

"ಇವತ್ತು ಧೂಳಿಲ್ವಾ?"

ಅರ್ಚನಾ ಕ್ಯಾನುಗಳನ್ನು ಇಳಿಸಿದಳು. ಹಲಗೆಯ ಸಂದಿಯಲ್ಲಿ ಕುರಿಹಿಕ್ಕೆ ಒಣಗಿ ಕೂತಿತ್ತು.

"ಮನೆಯವರೆಲ್ಲ ಮಂಟಪದಲ್ಲಿರೋದನ್ನ ಕಣ್ಣಾರೆ ನೋಡಿದೆ. ನೀರು ಇಳಿಸಿ ನೆಟ್ಟಗೆ ಗುಡೇಕೋಟೆಗೆ ಹೋದೆ. ಚೆಕ್‌ಪೋಸ್ಟಿನಲ್ಲಿ ನಿನ್ನ ಗಾಡಿ ಯಾರೂ ತಡೆಯಲ್ಲ ಅಂತಲೂ ಗೊತ್ತಿತ್ತು. ಕುರಿ ಎಲ್ಲಿ?"

"ಇಟ್ಟಿಗಿ ಊರಾಗ," ಎಂದ ಕಾಂತೇಶ್ ನೆಲ ನೋಡುತ್ತ. "ನಮ್ಮಕ್ಕನ ಹೊಲದ ಶೆಡ್ನಾಗ ಅದಾವ್ರಿ."

ಅರ್ಧ ಗಂಟೆಯಲ್ಲಿ ಇಟ್ಟಿಗಿ ಪೊಲೀಸರಿಂದ ಫೋನ್ ಬಂತು. ಹನ್ನೊಂದೂ ಇದ್ದವು. ಠಾಣೆಗೆ ಬಂದಿದ್ದ ಪಾಲಾಕ್ಷಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಅರ್ಚನಾಗೂ ಎದೆ ಹಗುರಾಯಿತು. ಗಡಿಯಾರ ಇನ್ನೂ ನಾಲ್ಕು ಮುಟ್ಟಿರಲಿಲ್ಲ.

ಮೈಲಾರೇಶನನ್ನು ಬಿಡಲು ಗುರುಮೂರ್ತಿ ಪುಸ್ತಕ ತೆಗೆದ. ಹೆಸರು, ಊರು, ಹೊತ್ತು ಬರೆದ. 'ಬಿಟ್ಟ ಕಾರಣ' ಎಂಬಲ್ಲಿ ಏನೂ ಬರೆಯದೆ ಸಹಿಗೆ ತಿರುಗಿಸಿದ.

"ಯಪ್ಪಾ, ಅಲ್ಲಿ ಯಾಕ ಖಾಲಿ ಬಿಟ್ರಿ?" ಬೆಂಚಿನಿಂದ ಎದ್ದು ಬಂದಿದ್ದ ಜೋಗಮ್ಮ ಕೇಳಿದಳು.

"ಎಲ್ಲಾರಿಗೂ ಗೊತ್ತಾತಲ್ಲಮ್ಮ."

"ಗೊತ್ತಿದ್ರೂ ಬರೀರಿ. ನನ್ ಮಗಾ ಕದ್ದಿಲ್ಲ ಅಂತ ಬರೀರಿ."

ಗುರುಮೂರ್ತಿ ಅರ್ಚನಾಳ ಮುಖ ನೋಡಿದ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಬರೆದ. ಜೋಗಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಮಗನ ಕೈ ಹಿಡಿದು ಮೆಟ್ಟಿಲಿಳಿದಳು.